ಒಂದು ಚೀಟಿ ಮಾಡಿಸಲು ನಾವು ಘಟ್ಟ ಹತ್ತಬೇಕೇ?

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಉತ್ತರ ಕನ್ನಡದ ನನ್ನ ಜನರಿಗೆ,

ನಮಸ್ಕಾರ.

2021ರ ಆಗಸ್ಟಿನಲ್ಲಿ ನನಗೆ ಊಟದ ರುಚಿ ಹೋಯಿತು.

ನಮ್ಮ ಕರಾವಳಿಗೆ ಆಗಸ್ಟ್ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆಮೇಲೆ ಮೊದಲ ಹಸಿ ಮೀನು ಬರುತ್ತದೆ. ಎರಡು ತಿಂಗಳು ಒಣ ಮೀನಿನಲ್ಲೇ ದಿನ ದೂಡಿದ ಮನೆಗಳಿಗೆ ಅದು ಸಣ್ಣ ಹಬ್ಬ. ನಮ್ಮತ್ತೆ ಬಂಗಡೆ ಸಾರು ಮಾಡಿ, ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿ, ಎದುರಿಗೇ ಕೂತರು. ನಾನು ಎರಡು ತುತ್ತು ತಿಂದೆ. ಬಾಯಲ್ಲಿ ಒದ್ದೆ ಹತ್ತಿ ಇಟ್ಟುಕೊಂಡ ಹಾಗಾಯಿತು. ತಟ್ಟೆ ಪಕ್ಕಕ್ಕೆ ಸರಿಸಿದೆ. ಅವರು ಏನೂ ಹೇಳಲಿಲ್ಲ. ಅವರ ಮುಖ ಮಾತ್ರ ಸಣ್ಣದಾಯಿತು.

ರುಚಿ ಹೋಗಿದೆ ಅಂದ ಕೂಡಲೇ ಎಲ್ಲರೂ ಒಂದೇ ಮಾತು ಹೇಳಿದರು: ಕೋವಿಡ್ ಇರಬಹುದು, ಸ್ವಾಬ್ ಕೊಡು. ಕೊಟ್ಟೆ. ನೆಗೆಟಿವ್. ವಾರ ಬಿಟ್ಟು ಮತ್ತೆ ಕೊಟ್ಟೆ. ನೆಗೆಟಿವ್. ಮೂರನೆಯ ಸಲ ಲ್ಯಾಬಿನ ಹುಡುಗ "ಸಿಸ್ಟರ್, ನಿಮಗೆ ಏನೂ ಇಲ್ಲ" ಅಂತ ನಕ್ಕ. ನನಗೆ ಇದ್ದದ್ದು ಖಿನ್ನತೆ. ಅದು ನನಗೇ ಗೊತ್ತಾಗಲು ಇನ್ನೂ ಮೂರು ತಿಂಗಳು ಬೇಕಾಯಿತು. ಹದಿನಾರು ವರ್ಷ ನರ್ಸ್ ಆಗಿ ಕೆಲಸ ಮಾಡಿದವಳಿಗೇ ಗೊತ್ತಾಗಲಿಲ್ಲ.

ಹೆಸರು ಹಾಕದೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಾನು ಜಿಲ್ಲೆಯ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಕಾಗದದಲ್ಲಿ ಶುಶ್ರೂಷಾಧಿಕಾರಿ. ಪೇಟೆಯವರಿಗೆ ಸಿಸ್ಟರ್. ನಮ್ಮ ಕಡೆಯ ಹಳ್ಳಿಯವರು ಬಂದರೆ ಅಕ್ಕೋರೆ ಅಂತ ಕರೆಯುತ್ತಾರೆ. ಹೆಸರು ಯಾಕೆ ಹಾಕಿಲ್ಲ ಅನ್ನುವುದೇ ಈ ಪತ್ರದ ವಿಷಯ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

2020ನೇ ಇಸವಿಯನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸ್‌ಗಳ ಮತ್ತು ಸೂಲಗಿತ್ತಿಯರ ವರ್ಷ ಅಂತ ಮೊದಲೇ ಸಾರಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ ಆ ಮೇ 12ಕ್ಕೆ 200 ವರ್ಷ. ನಾವೂ ಒಂದು ಕಾರ್ಯಕ್ರಮ ಮಾಡೋಣ ಅಂತ ಫೆಬ್ರವರಿಯಲ್ಲೇ ಮಾತಾಡಿಕೊಂಡಿದ್ದೆವು. ಎಲ್ಲರಿಗೂ ಒಂದೇ ಬಣ್ಣದ ಸೀರೆ ಅಂತಲೂ ಆಗಿತ್ತು. ಮಾರ್ಚ್ ಕೊನೆಗೆ ಭಟ್ಕಳದಲ್ಲಿ ಜಿಲ್ಲೆಯ ಮೊದಲ ಕೇಸುಗಳು ಬಂದವು. ಕಾರವಾರದಲ್ಲಿರುವ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಭಟ್ಕಳದವರನ್ನು ನೋಡಿಕೊಂಡರು. ನಾವು ಸುದ್ದಿ ಓದುತ್ತಾ ಕೂತಿದ್ದೆವು. ಮುಂದಿನ ಸರದಿ ನಮ್ಮದು ಅಂತ ಎಲ್ಲರಿಗೂ ಗೊತ್ತಿತ್ತು.

ಮಾರ್ಚ್ 22ರ ಸಂಜೆ ಐದು ಗಂಟೆಗೆ ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು, ಗಂಟೆ ಬಾರಿಸಿದರು. ನಾನು ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಆ ಸದ್ದು. ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅದನ್ನು ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಅದೇ ವಾರ ನಮ್ಮ ಜೊತೆಗಿದ್ದ ಸಣ್ಣ ವಯಸ್ಸಿನ ಒಬ್ಬ ಸಿಸ್ಟರಿಗೆ ಬಾಡಿಗೆ ಮನೆಯವರು ರೂಮು ಖಾಲಿ ಮಾಡು ಅಂದರು. ಅವಳು ಎರಡು ರಾತ್ರಿ ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ, ಡ್ರಿಪ್ ಬಾಟಲಿಯ ಬಾಕ್ಸುಗಳ ನಡುವೆ ಚಾಪೆ ಹಾಸಿ ಮಲಗಿದಳು.

ಸೋಂಕು ತಗುಲದಂತೆ ಮೈತುಂಬ ಹಾಕಿಕೊಳ್ಳುವ ಪಿಪಿಇ ಕಿಟ್ಟಿನ ಬಗ್ಗೆ ಎಲ್ಲರೂ ಕೇಳಿದ್ದೀರಿ. ಬೆಂಗಳೂರಿನ ಎಸಿ ವಾರ್ಡಿನಲ್ಲಿ ಅದು ಹೇಗಿತ್ತೋ. ಏಪ್ರಿಲ್-ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಆರು ಗಂಟೆ ಹಾಕಿಕೊಂಡರೆ ಶೂ ಕವರಿನೊಳಗೆ ಬೆವರು ಚಪ್ ಚಪ್ ಅನ್ನುತ್ತದೆ. ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ನರ ಕಾಣುವುದಿಲ್ಲ, ಬೆರಳಲ್ಲೇ ಹುಡುಕಿ ಸೂಜಿ ಹಾಕಬೇಕು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು. ಹೋಗಬೇಕಾದರೆ ಕಿಟ್ ಬಿಚ್ಚಬೇಕು. ಬಿಚ್ಚಿದರೆ ಇನ್ನೊಂದು ಬೇಕು. ಹಾಗಾಗಿ ಕುಡಿಯುತ್ತಲೇ ಇರಲಿಲ್ಲ. ಮುಟ್ಟಿನ ದಿನಗಳಲ್ಲಿ ಏನು ಮಾಡಿದೆವು ಅಂತ ಯಾವ ಅಧಿಕಾರಿಯೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಎಲ್ಲರೂ ಒಂದೇ ತರ ಕಾಣುತ್ತಿದ್ದುದರಿಂದ ಮಾರ್ಕರ್ ಪೆನ್ನಿನಲ್ಲಿ ಎದೆಯ ಮೇಲೆ ಹೆಸರು ಬರೆದುಕೊಳ್ಳುತ್ತಿದ್ದೆವು. 2021ರ ಮೇ ತಿಂಗಳು. ಆ ತಿಂಗಳ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಜಾಸ್ತಿ ಕೇಸು. ನಮ್ಮ ವಾರ್ಡಿಗೆ ಒಬ್ಬ ಅಜ್ಜಿ ಬಂದರು. ಮೀನು ಮಾರಿ ಬದುಕಿದವರು. ಓದು ಬರಹ ಇಲ್ಲ. ಎದೆಯ ಮೇಲಿನ ಹೆಸರು ಅವರಿಗೆ ಉಪಯೋಗವಿಲ್ಲ. ಮಾಸ್ಕಿನೊಳಗಿಂದ ನನ್ನನ್ನೇ ನೋಡಿ, "ನೀ ಯಾರ ಮನೆ ಹುಡ್ಗಿಯೇ?" ಅಂದರು. ನಮ್ಮ ಕಡೆ ಹೊಸ ಮುಖ ಕಂಡರೆ ಕೇಳುವ ಮೊದಲ ಪ್ರಶ್ನೆ ಅದೇ ಅಲ್ವಾ? ಊರು ಹೇಳಿದೆ, ಮನೆ ಹೇಳಿದೆ. ನನ್ನ ಸೋದರತ್ತೆ ಅವರಿಗೆ ಗೊತ್ತಿತ್ತು. ಆಮೇಲೆ ನಾನು ಅವರಿಗೆ ಪರಕೀಯಳಾಗಿ ಉಳಿಯಲಿಲ್ಲ. ಗಂಜಿ ತಿಳಿ ಬೇಕು, ಅದರ ಜೊತೆ ನೆಂಚಿಕೊಳ್ಳಲು ಒಂದು ಅಪ್ಪೆಮಿಡಿ ಬೇಕು ಅಂದರು. ಹೊರಗಿನ ತಿಂಡಿ ಒಳಗೆ ಬಿಡುವಂತಿರಲಿಲ್ಲ. ನಾಳೆ ತರುತ್ತೇನೆ ಅಜ್ಜಿ ಅಂದೆ. ಸುಮ್ನೆ ಅಂದ ಮಾತಲ್ಲ, ಹೇಗಾದರೂ ತರಬೇಕು ಅಂತಲೇ ಇದ್ದೆ. ಮರುದಿನ ರಾತ್ರಿ ಡ್ಯೂಟಿಗೆ ಬರುವಾಗ ಆ ಹಾಸಿಗೆಯಲ್ಲಿ ಬೇರೆಯವರಿದ್ದರು.

ಅದೇ ತಿಂಗಳು ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ದುರಂತದ ಸುದ್ದಿ ಬಂತು. ಅವತ್ತಿನಿಂದ ನಾನು ಸಿಲಿಂಡರಿನ ಮೀಟರನ್ನು ಹತ್ತತ್ತು ನಿಮಿಷಕ್ಕೆ ನೋಡತೊಡಗಿದೆ. ಒಬ್ಬರಿಗೆ ನೋಡಿ ಬಂದು ಕೂರುವಷ್ಟರಲ್ಲಿ ಇನ್ನೊಬ್ಬರದ್ದು ನೋಡಬೇಕು ಅನಿಸುತ್ತಿತ್ತು. ವಾರ್ಡು ಖಾಲಿಯಾದ ಮೇಲೂ ಅದು ಹೋಗಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆ ಮನೆಗೆ ಹೋಗಿ ಗ್ಯಾಸ್ ಸಿಲಿಂಡರನ್ನು ಎತ್ತಿ ನೋಡುತ್ತಿದ್ದೆ. ಭಾರ ಇದೆಯಾ, ಇದೆ. ಮಲಗುತ್ತಿದ್ದೆ. ಮತ್ತೆ ಏಳುತ್ತಿದ್ದೆ. ಒಂದು ದಿನ ಮಗ ನೋಡಿ, "ಅಮ್ಮಾ, ಗ್ಯಾಸ್ ಮೊನ್ನೆ ಬಂದಿದ್ದಲ್ವಾ?" ಅಂತ ಕೇಳಿದ. ಅವನ ಮೇಲೆ ರೇಗಿದೆ. ಹನ್ನೊಂದು ವರ್ಷದ ಹುಡುಗ. ಅವತ್ತು ಬಾಯಿ ಮುಚ್ಚಿಕೊಂಡವನು ತುಂಬಾ ದಿನ ನನ್ನ ಹತ್ತಿರ ಏನೂ ಕೇಳಲಿಲ್ಲ.

ಎರಡನೆಯ ಅಲೆ ಇಳಿಯಿತು, ಸ್ವಲ್ಪ ಉಸಿರಾಡೋಣ ಅನ್ನುವಷ್ಟರಲ್ಲಿ ಜುಲೈ ಮಳೆ. 22, 23ರಂದು ಗಂಗಾವಳಿ ಹೊಳೆ ಊರುಗಳಿಗೆ ನುಗ್ಗಿತು. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿತು. ನಮ್ಮಲ್ಲಿ ಹಲವರು ಕೋವಿಡ್ ವಾರ್ಡಿನಿಂದ ನೇರ ನೆರೆ ಸಂತ್ರಸ್ತರ ಕಾಳಜಿ ಕೇಂದ್ರಗಳಿಗೆ ಹೋದೆವು. ಅಲ್ಲಿ ಜ್ವರ, ಭೇದಿ, ಕಾಲಿಗೆ ಗಾಯ. ಬೇಡ ಅನ್ನಲು ಆಗುತ್ತದೆಯೇ? ಅವರು ನಮ್ಮದೇ ಜನ. ಆ ಮೇಲೆ ಬಂದದ್ದೇ ಆಗಸ್ಟ್. ಬಂಗಡೆ ಸಾರಿನ ಆಗಸ್ಟ್.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

"ನಿಮ್ಮ ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದಾರೆ, ಅವರಿಗೆ ತೋರಿಸಬಹುದಿತ್ತಲ್ಲ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮದೇ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ ಕೆಲಸದಿಂದ ಹುಟ್ಟಿದ್ದು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ನಾನೇ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಹೆದರಬೇಡಿ, ಇದೂ ಬಿಪಿ, ಶುಗರಿನ ಹಾಗೆ ಒಂದು ಕಾಯಿಲೆ ಅಂತ ಧೈರ್ಯ ಹೇಳಿದ್ದೇನೆ.

ಆದರೆ ಆ ಕೋಣೆಯ ಹೊರಗೆ ಒಂದು ಬೆಂಚಿದೆ. ಹಸಿರು ಬಣ್ಣದ ಕಬ್ಬಿಣದ ಬೆಂಚು. ಔಷಧ ಕೊಡುವ ಕಿಟಕಿಗೆ ಹೋಗುವವರು, ರಕ್ತ ಕೊಡಲು ಹೋಗುವವರು, ಎಕ್ಸ್‌ರೇಗೆ ಹೋಗುವವರು ಎಲ್ಲರೂ ಅದರ ಮುಂದೆಯೇ ಹೋಗಬೇಕು. ಅದರ ಮೇಲೆ ನಾನು ಕೂತರೆ? ಚೀಟಿ ಬರೆಯುವವರು ನನ್ನ ಜೊತೆ ಚಹಾ ಕುಡಿಯುವವರು. ಮಾತ್ರೆ ಕೊಡುವವರು ನನ್ನ ಮಗನ ಜೊತೆ ಓದುವ ಹುಡುಗಿಯ ಅಪ್ಪ. ಮಧ್ಯಾಹ್ನಕ್ಕೆ ಆಸ್ಪತ್ರೆಗೆ ಗೊತ್ತಾಗುತ್ತದೆ, ಸಂಜೆಗೆ ಮೀನು ಪೇಟೆಗೆ. ಯಾರೂ ಕೆಟ್ಟವರಲ್ಲ. ಸಣ್ಣ ಊರು, ಅಷ್ಟೇ. "ನೀ ಯಾರ ಮನೆ ಹುಡ್ಗಿ" ಅಂತ ಕೇಳಿ ಒಂದು ಸಾವಿನ ಹಾಸಿಗೆಯಲ್ಲೂ ನೆಂಟಸ್ತಿಕೆ ಹುಡುಕುವ ಊರೇ, "ಅವಳಿಗೆ ತಲೆ ಸರಿ ಇಲ್ವಂತೆ" ಅಂತಲೂ ಹೇಳುತ್ತದೆ. ಒಮ್ಮೆ ಆ ಮಾತು ಹುಟ್ಟಿತು ಅಂದರೆ ಐಸಿಯು ಡ್ಯೂಟಿ ಪಟ್ಟಿ ಹಾಕುವವರಿಗೂ ಕೇಳಿಸುತ್ತದೆ. ಇವಳ ಕೈಗೆ ಇಂಜೆಕ್ಷನ್ ಕೊಡಬಹುದಾ ಅಂತ ರೋಗಿಯ ಕಡೆಯವರೂ ಕೇಳಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ರೋಗಿಗೆ ಗೌಪ್ಯತೆಯ ಹಕ್ಕು ಕೊಡುತ್ತದೆ. ಆ ಹಕ್ಕು ಫೈಲಿಗೆ ಸಿಗುತ್ತದೆ. ಬೆಂಚಿಗೆ ಸಿಗುವುದಿಲ್ಲ.

ಹಾಗಾಗಿ ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ, ಒಂದು ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಧಾರವಾಡಕ್ಕೆ ಹೋದೆ. ಮನೆಯಲ್ಲಿ ಟ್ರೈನಿಂಗ್ ಇದೆ ಅಂದೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಗಂಡನಿಗೆ ಹೇಳಿದ ದೊಡ್ಡ ಸುಳ್ಳು ಅದೇ. ಬೆಳಿಗ್ಗೆ ಬಸ್ಸು ಹತ್ತಿ, ಅರಬೈಲ್ ಘಾಟಿ ಏರಿ, ಯಲ್ಲಾಪುರ, ಕಲಘಟಗಿ ದಾಟಿ ಹೋದೆ. ಯಾರೂ ಗುರುತಿನವರು ಸಿಗದಿರಲಿ ಅಂತ ದಾರಿಯುದ್ದಕ್ಕೂ ದೇವರನ್ನು ಕೇಳಿಕೊಂಡೆ.

ವೈದ್ಯರ ಕೋಣೆಯ ಹೊರಗೆ ಸರದಿಯಲ್ಲಿ ಕೂತೆ. ಎದುರು ಸಾಲಿನಲ್ಲಿ ಒಬ್ಬ ಹೆಂಗಸು ಸೆರಗನ್ನು ತಲೆ ಮೇಲಿಂದ ಎಳೆದುಕೊಂಡು, ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಮುಖ ಕಾಣಲಿಲ್ಲ. ಕೈ ಕಂಡಿತು. ಬ್ಲೀಚಿಂಗ್ ನೀರಿನಿಂದ ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾದ ಕೈ. ಆ ಕೈ ನನಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಹೆಣ ಸುತ್ತುವಾಗ ಚೀಲದ ಆ ತುದಿಯನ್ನು ಹಿಡಿಯುತ್ತಿದ್ದ ಕೈ ಅದು. ನಮ್ಮ ಆಸ್ಪತ್ರೆಯ ಸ್ವಚ್ಛತಾ ಕೆಲಸದವಳು. ಹೊರಗುತ್ತಿಗೆಯವಳು.

ಅವಳೂ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತು ಇಬ್ಬರೂ ನೋಡಿಲ್ಲ ಅನ್ನುವ ಹಾಗೆ ಕೂತೆವು. ಆಮೇಲೆ ಅವಳೇ ಎದ್ದು ಬಂದು ಪಕ್ಕದಲ್ಲಿ ಕೂತು, "ಅಕ್ಕೋರೆ, ನಿಮಗೂ ನಿದ್ದೆ ಬತ್ತಿಲ್ವಾ?" ಅಂದಳು.

ನಾನು ಅಳುವುದು ನಿಲ್ಲಿಸಲು ತುಂಬಾ ಹೊತ್ತು ಬೇಕಾಯಿತು.

ನನಗೆ ಸಿಎಲ್ ಇತ್ತು. ಅವಳಿಗೆ ಆ ದಿನದ ಕೂಲಿ ಹೋಯಿತು. ಬಸ್ಸಿನ ದುಡ್ಡು, ಮಾತ್ರೆಯ ದುಡ್ಡು ಬೇರೆ. ಅದು ಅವಳಿಗೆ ಎರಡನೆಯ ಸಲ. ಮನೆಯಲ್ಲಿ ಮಗಳ ಕಾಲೇಜಿನ ಕೆಲಸ ಅಂತ ಹೇಳಿ ಬಂದಿದ್ದಳು. ವಾಪಸ್ ಒಂದೇ ಬಸ್ಸಿನಲ್ಲಿ ಬಂದೆವು. ಯಲ್ಲಾಪುರದ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ಅವಳು ಊರಿನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದಳು, ಯಾರಾದರೂ ಇಬ್ಬರನ್ನೂ ಒಟ್ಟಿಗೆ ನೋಡಿದರೆ ಅಂತ. ಆಸ್ಪತ್ರೆಯಲ್ಲಿ ಆ ವಿಷಯ ನಾವು ಒಂದು ದಿನವೂ ಮಾತಾಡಲಿಲ್ಲ. ಮುಂದಿನ ವರ್ಷ ಗುತ್ತಿಗೆ ಬದಲಾಯಿತು. ಹೊಸ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಒಂದೇ ಆಸ್ಪತ್ರೆಯ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಕಾಯಿಲೆಗೆ ಘಟ್ಟ ಹತ್ತಿ ಹೋಗಿದ್ದೆವು. ಇನ್ನೂ ಎಷ್ಟು ಜನ ಹೀಗೆ ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಗೋವಾಕ್ಕೆ ಹೋಗಿರಬಹುದು ಅಂತ ನನಗೆ ಅವತ್ತಿನಿಂದ ಕಾಡುತ್ತಿದೆ. ಹೋಗದೇ ಉಳಿದವರ ಯೋಚನೆ ಅದಕ್ಕಿಂತ ಜಾಸ್ತಿ ಕಾಡುತ್ತದೆ.

ಧಾರವಾಡದ ವೈದ್ಯರು ನನಗೆ ದೊಡ್ಡ ಪರೀಕ್ಷೆ ಏನೂ ಮಾಡಲಿಲ್ಲ. ಒಂಬತ್ತು ಪ್ರಶ್ನೆ ಕೇಳಿದರು. ಹಿಂದಿನ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ? ಮನಸ್ಸು ಕುಗ್ಗಿತ್ತೇ? ನಿದ್ದೆ? ಸುಸ್ತು? ಊಟ? ನನ್ನಿಂದ ಏನೂ ಆಗಲಿಲ್ಲ, ಎಲ್ಲರಿಗೂ ಮೋಸ ಮಾಡಿದೆ ಅನಿಸುತ್ತದೆಯೇ? ಗಮನ ನಿಲ್ಲುತ್ತದೆಯೇ? ಮಾತು, ನಡಿಗೆ ನಿಧಾನವಾಗಿದೆಯೇ, ಇಲ್ಲವೇ ಕೂತಲ್ಲಿ ಕೂರಲಾಗದ ಹಾಗಾಗಿದೆಯೇ? ಸತ್ತರೆ ಒಳ್ಳೆಯದು ಅನಿಸಿದೆಯೇ? ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರು ಸರಿಯಾಗಿ ನೋಡಲೇಬೇಕು ಅಂತ ಲೆಕ್ಕ. ನನಗೆ 17 ಬಂತು. ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ಕಾದರು. ಅವಸರ ಮಾಡಲಿಲ್ಲ. ಆ ಕಾದದ್ದಕ್ಕೆ ನಾನು ಅವರಿಗೆ ಋಣಿ.

ಎಲ್ಲ ಸೇರಿ ಐದು ನಿಮಿಷದ ಕೆಲಸ. ಕೋವಿಡ್ ಕಾಲದಲ್ಲಿ ಡ್ಯೂಟಿಗೆ ಹೋಗುವಾಗ ದಿನಾ ನನ್ನ ಹಣೆಗೆ ಗನ್ ಹಿಡಿದು ಜ್ವರ ನೋಡಿದ್ದಾರೆ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದ್ದಾರೆ. ಬರೆದಿಟ್ಟಿದ್ದಾರೆ. ಎರಡು ವರ್ಷದಲ್ಲಿ ಒಂದು ದಿನ, ಒಬ್ಬರಾದರೂ ಈ ಒಂಬತ್ತು ಪ್ರಶ್ನೆ ಕೇಳಿದ್ದರೆ ನಾನು ಆಗಸ್ಟಿನಲ್ಲೇ ಸಿಕ್ಕಿಬೀಳುತ್ತಿದ್ದೆ. ಮೂರು ಸ್ವಾಬ್ ಉಳಿಯುತ್ತಿತ್ತು.

ಇದು ನನ್ನೊಬ್ಬಳ ಕಥೆ ಅಂತ ತಳ್ಳಿಹಾಕಬೇಡಿ. ಗುಣವಾದ ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಚೀನಾದಲ್ಲಿ ಕೋವಿಡ್ ಶುರುವಾದಾಗ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ಕೇಳಿದ್ದರು. ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಇತ್ತು. ಮೂರರಲ್ಲಿ ಒಬ್ಬರಿಗೆ ನಿದ್ದೆ ಕೆಟ್ಟಿತ್ತು. ನರ್ಸ್‌ಗಳಲ್ಲಿ, ಹೆಂಗಸರಲ್ಲಿ, ರೋಗಿಯ ಹತ್ತಿರ ಇದ್ದು ಕೆಲಸ ಮಾಡುವವರಲ್ಲಿ ತೊಂದರೆ ಜಾಸ್ತಿ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರ ಆರೋಗ್ಯ ಸಿಬ್ಬಂದಿ ಕೋವಿಡ್‌ನಿಂದ ಸತ್ತಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿದೆ. ಸತ್ತವರ ಮನೆಯವರಿಗೆ 50 ಲಕ್ಷದ ವಿಮೆ ಇಟ್ಟರು, ಒಳ್ಳೆಯದೇ. ನಮ್ಮ ಮೇಲೆ ಕೈ ಮಾಡಿ ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಜೈಲು ಅಂತ 2020ರಲ್ಲಿ ಕಾಯ್ದೆ ತಿದ್ದಿದರು, ಅದೂ ಒಳ್ಳೆಯದು. ಸತ್ತರೆ ಏನು, ಹೊಡೆತ ತಿಂದರೆ ಏನು ಅಂತ ಯೋಚಿಸಿದ್ದಾರೆ. ಬದುಕಿ ಉಳಿದು, ಮರುದಿನ ಬೆಳಿಗ್ಗೆ ಎದ್ದು ಡ್ಯೂಟಿಗೆ ಬರುವವರಿಗೆ ಏನು ಅನ್ನುವುದು ಬಾಕಿ ಇದೆ.

ಬದುಕಿನ ಗುಣಮಟ್ಟ ಅಂತ ಒಂದು ಮಾತು ಬಳಸುತ್ತಾರೆ. ಕೇಳಲು ದೊಡ್ಡದು. ಅದನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದ್ದೇ 26 ಪ್ರಶ್ನೆಗಳಿವೆ. ಓದಿ ನೋಡಿದೆ. ನಿದ್ದೆ ಸರಿ ಇದೆಯಾ, ಇರುವ ಮನೆ ಹೇಗಿದೆ, ಖರ್ಚಿಗೆ ದುಡ್ಡು ಸಾಲುತ್ತದಾ, ಕಷ್ಟಕ್ಕೆ ಸ್ನೇಹಿತರು ಆಗುತ್ತಾರಾ, ಓಡಾಡಲು ಬಸ್ಸು ಸಿಗುತ್ತದಾ ಅಂತ ಕೇಳುತ್ತಾರೆ. ಬಸ್ಸು! ಲಾಕ್‌ಡೌನಿನಲ್ಲಿ ನೈಟ್ ಮುಗಿಸಿದ ಮೇಲೆ ಬಸ್ಸಿಲ್ಲದೆ ಹಾಲಿನ ವ್ಯಾನಿನಲ್ಲಿ, ಮೀನಿನ ಟೆಂಪೋದಲ್ಲಿ ಮನೆ ಸೇರಿದವರು ನಮ್ಮಲ್ಲಿದ್ದಾರೆ. ಹಾಗಾದರೆ ಮನಸ್ಸಿನ ಆರೋಗ್ಯ ಅಂದರೆ ಕೌನ್ಸೆಲಿಂಗ್ ಒಂದೇ ಅಲ್ಲ. ಚಿಲಕ ಇರುವ ಒಂದು ವಿಶ್ರಾಂತಿ ಕೋಣೆ, ನೀರು ಬರುವ ಬಾತ್‌ರೂಮು, ತಿಂಗಳ ಮೊದಲ ವಾರದಲ್ಲಿ ಸಂಬಳ, ಮಳೆಗೆ ಸೋರದ ಕ್ವಾರ್ಟರ್ಸ್, ಇವೆಲ್ಲ ಅದಕ್ಕೇ ಸೇರಿದ್ದು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಗೌರವಧನ ಕೊಡಿ, ರಕ್ಷಣೆಯ ಸಾಮಾನು ಕೊಡಿ ಅಂತ ಕೆಲಸ ನಿಲ್ಲಿಸಬೇಕಾಯಿತು. ಅವರು ದುಡ್ಡಿನಾಸೆಗೆ ಕೂತರು ಅಂದವರಿಗೆ ಈ 26 ಪ್ರಶ್ನೆ ಓದಲು ಕೊಡಬೇಕು.

ನನ್ನ ಬೇಡಿಕೆ ದೊಡ್ಡದಲ್ಲ ಸರ್. ವರ್ಷಕ್ಕೆ ಎರಡು ಸಲ ಆಸ್ಪತ್ರೆಯ ಪ್ರತಿಯೊಬ್ಬರಿಗೂ ಆ ಒಂಬತ್ತು ಪ್ರಶ್ನೆ ಕೇಳಿಸಿ. ಡಾಕ್ಟರಿಂದ ಹಿಡಿದು ಆಂಬುಲೆನ್ಸ್ ಚಾಲಕರು, ಲ್ಯಾಬಿನವರು, ಗ್ರೂಪ್ ಡಿ, ಅಡುಗೆಯವರು, ಶವಾಗಾರದಲ್ಲಿ ಕೆಲಸ ಮಾಡುವವರು, ಎಲ್ಲರಿಗೂ. ಹೊರಗುತ್ತಿಗೆಯವರನ್ನು ಬಿಡಬೇಡಿ. ಆದರೆ ಕೇಳುವವರು ನಮ್ಮ ಆಸ್ಪತ್ರೆಯವರಾಗುವುದು ಬೇಡ. ಘಟ್ಟದ ಮೇಲಿನ ತಂಡ ಕರಾವಳಿಗೆ ಬರಲಿ, ಕರಾವಳಿಯ ತಂಡ ಘಟ್ಟ ಹತ್ತಲಿ. ಶಿರಸಿಯವರಿಗೆ ಕಾರವಾರದವರು, ಕುಮಟಾದವರಿಗೆ ಯಲ್ಲಾಪುರದವರು. ನಾವು ಕದ್ದು ಮುಚ್ಚಿ ಹೋಗುವ ದಾರಿಯಲ್ಲೇ ಇಲಾಖೆಯ ಜೀಪು ಬರಲಿ ಅಂತ ಕೇಳುತ್ತಿದ್ದೇನೆ. ಅಂಕದ ಚೀಟಿ ಉತ್ತರ ಕೊಟ್ಟವರ ಕೈಯಲ್ಲೇ ಇರಲಿ. ಮೇಲಧಿಕಾರಿಗೆ ಹೋಗುವುದು ಬೇಡ, ಸೇವಾ ಪುಸ್ತಕಕ್ಕಂತೂ ಬೇಡವೇ ಬೇಡ. ಔಷಧ ಬೇಕಾದವರಿಗೆ ಪಕ್ಕದ ತಾಲೂಕಿನಲ್ಲಿ ಕೊಡುವ ವ್ಯವಸ್ಥೆ ಇರಲಿ. ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ಪ್ರತಿ ಸಲ ಧಾರವಾಡಕ್ಕೆ ಹೋಗಲು ಎಷ್ಟು ಸುಳ್ಳು ಹೇಳುವುದು? ನಾನು ಐದನೆಯ ಸಲಕ್ಕೆ ಗಂಡನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಮುಂದಿನ ಸಲ ಜೊತೆಗೆ ಬಂದರು. ಎಲ್ಲರ ಮನೆಯಲ್ಲೂ ಹಾಗಾಗುವುದಿಲ್ಲ.

14416ರ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 2022ರ ಅಕ್ಟೋಬರಿನಿಂದ. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದನ್ನು ಓದುತ್ತಿರುವ ನನ್ನ ಸಹೋದ್ಯೋಗಿಗಳೇ, ನಿಮಗೆ ನಿದ್ದೆ ಬಾರದೆ ಎರಡು ವಾರ ಆಗಿದ್ದರೆ, ಬದುಕೇ ಬೇಡ ಅನಿಸಿದ್ದರೆ, ಇವತ್ತೇ ಆ ನಂಬರಿಗೆ ಮಾಡಿ. ನನಗೆ ಆಗ ಅದು ಇರಲಿಲ್ಲ. ಆದರೆ ಫೋನ್ ಮಾಡಲೂ ಒಂದು ಜಾಗ ಬೇಕು. ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತು ಮಾಡುವ ಮಾತಲ್ಲ ಅದು.

ಜಿಲ್ಲೆಯ ಜನರಲ್ಲಿ ಒಂದು ಮಾತು. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದಾಗ ನಾವೆಲ್ಲ ಒಂದಾಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿದೆವು. ನಾನೂ ಹಾಕಿದ್ದೆ ಸ್ಟೇಟಸ್. ಆ ಆಸ್ಪತ್ರೆ ಬೇಕೇ ಬೇಕು. ಅದರ ನಕ್ಷೆ ಬರೆಯುವಾಗ ಒಳಗೆ ಕೆಲಸ ಮಾಡುವವರು ಮಲಗುವ ಕೋಣೆ ಎಲ್ಲಿದೆ ಅಂತಲೂ ದಯವಿಟ್ಟು ಕೇಳಿ. ಮತ್ತೆ, ರೋಗಿಯನ್ನು ಉಳಿಸಲಾಗದಾಗ ನಮ್ಮ ಮೇಲೆ ಕೂಗಾಡುವ ಮೊದಲು ಒಂದು ಕ್ಷಣ ನಿಲ್ಲಿ. ನಿಮ್ಮ ಅಜ್ಜಿಗೆ ಕೊಟ್ಟ ಮಾತು ನಮಗೂ ನೆನಪಿರುತ್ತದೆ.

ಇದು ಹಳೆಯ ಕಥೆ, ಕೋವಿಡ್ ಮುಗಿಯಿತಲ್ಲ ಅನ್ನಬಹುದು. 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತು ಅಂತ ಘೋಷಣೆಯೂ ಆಯಿತು. ಆದರೆ ನಮ್ಮ ಜಿಲ್ಲೆಗೆ ಕಷ್ಟ ನೂರು ವರ್ಷಕ್ಕೊಮ್ಮೆ ಬರುವುದಲ್ಲ. ಸಿದ್ದಾಪುರದ ನಮ್ಮವರು ಕೋವಿಡ್ ಬರುವ ಮೊದಲೇ ಮಂಗನ ಕಾಯಿಲೆಯ ಜೊತೆ ಹೆಣಗುತ್ತಿದ್ದರು, 2024ರಲ್ಲಿ ಮತ್ತೆ ಹೆಣಗಿದರು. ಅದೇ ವರ್ಷ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ತಿಂಗಳುಗಟ್ಟಲೆ ಗಂಗಾವಳಿಯಲ್ಲಿ ಹುಡುಕಿದರು. ಹೊಳೆಯಿಂದ ಸಿಕ್ಕಿದ್ದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೆಲಸ ಮಾಡಿದವರು ಯಾರೋ ಇದ್ದಾರಲ್ಲ. ಅವರು ಆ ರಾತ್ರಿ ಮನೆಗೆ ಹೋಗಿ ಊಟ ಮಾಡಿದರಾ ಅಂತ ಯಾರು ಕೇಳಿದರು?

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನೀವು ಪೂರ್ವಸಿದ್ಧತೆಯ ಸಭೆ ಕರೆಯುತ್ತೀರಿ. ದೋಣಿ ಎಷ್ಟು, ಜೆಸಿಬಿ ಎಷ್ಟು, ಹಗ್ಗ, ಟಾರ್ಚು, ಹಾವಿನ ವಿಷಕ್ಕೆ ಔಷಧ ಎಷ್ಟು ಅಂತ ತಾಲೂಕುವಾರು ಪಟ್ಟಿ ಓದುತ್ತಾರೆ. ಈ ಸಲದ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ವಿಪತ್ತಿನ ಡ್ಯೂಟಿ ಮುಗಿಸಿದ ಸಿಬ್ಬಂದಿಗೆ ಎಷ್ಟು ದಿನ ರಜೆ, ಅವರನ್ನು ಒಂಬತ್ತು ಪ್ರಶ್ನೆ ಕೇಳಲು ಯಾವ ತಾಲೂಕಿನಿಂದ ಯಾರು ಬರುತ್ತಾರೆ, ಯಾವ ದಿನ. ಹೊರಗುತ್ತಿಗೆಯವರಿಗೆ ಆ ದಿನದ ಕೂಲಿ ಸಿಗುತ್ತದೆ ಅಂತ ಅದರ ಪಕ್ಕದಲ್ಲೇ ಬರೆಯಿಸಿ.

ಇಂತಿ ವಿಶ್ವಾಸಿ,
ಕರಾವಳಿಯ ಒಬ್ಬ ಸಿಸ್ಟರ್
ಉತ್ತರ ಕನ್ನಡ